ಮೈಲೇಜಿನ ಆಸೆ, ಕಂತಿನ ಭಾರ

(ಎಸ್ಟೇಟ್ ಕಾರ್ಮಿಕ ಕುಟುಂಬಗಳ ಭಾನುವಾರದ ಕೂಟದಲ್ಲಿ ಆಡಿದ ಮಾತುಗಳು)



ಬೋನಸ್ ಕೈಗೆ ಬರುವ ಕಾಲದಲ್ಲಿ ನಮ್ಮ ಲೈನುಗಳಲ್ಲಿ ಒಂದೇ ಮಾತು: ಹಳೇ ಗಾಡಿ ಪೆಟ್ರೋಲ್ ಕುಡಿಯುತ್ತದೆ, ಹೊಸದು ತೆಗೆದರೆ ಉಳಿತಾಯ. ಹೋದ ತಿಂಗಳು ಒಬ್ಬ ತಾಯಿ ನಮ್ಮ ಬಳಿ ಬಂದರು. 31 ವರ್ಷ ಚಹಾ ಎಲೆ ಕಿತ್ತು ಕೆಲಸದಿಂದ ಇಳಿದವರು. ಗ್ರಾಚ್ಯುಟಿ ಹಣ ಬಂದಿದೆ. ಪೇಟೆಯಲ್ಲಿ ಕೆಲಸ ಮಾಡುವ ಮಗ ಹೊಸ ಬೈಕಿನ ಮುಂಗಡಕ್ಕೆ ಅದರಲ್ಲಿ ಪಾಲು ಕೇಳುತ್ತಾನೆ. "ಉಪದೇಶಿಗಳೇ, ಪೆಟ್ರೋಲಿನ ಉಳಿತಾಯದಲ್ಲೇ ಕಂತು ತೀರುತ್ತದೆ ಅನ್ನುತ್ತಾನೆ, ಹೌದಾ?" ಎಂದು ಕೇಳಿದರು. ಆ ಪ್ರಶ್ನೆಗೆ ಉತ್ತರ ಹುಡುಕುವುದೇ ಇಂದಿನ ನಮ್ಮ ಕೆಲಸ.

ನಾವು ಬುದ್ಧಿವಂತರೆಂದು ಈ ಮಾತು ಹೇಳುತ್ತಿಲ್ಲ. ನಮ್ಮ ಮನೆಯಲ್ಲೂ ಹೀಗೆ ಆಯಿತು. ಮನೆಯಾಕೆಯ ಸರ ಅಡವಿಟ್ಟು, ಮಿಕ್ಕದ್ದಕ್ಕೆ ಸಾಲ ಮಾಡಿ ಸ್ಕೂಟರ್ ತಂದೆವು. ಮಳೆಗಾಲದಲ್ಲಿ ಕೆಲಸದ ದಿನ ಕಡಿಮೆಯಾಯಿತು, ಮೂರು ಕಂತು ನಿಂತಿತು. ಹನ್ನೊಂದನೇ ತಿಂಗಳು ಬೆಳಗಿನ ಜಾವ ಫೈನಾನ್ಸಿನವರು ಬಂದು ಗಾಡಿ ಎಳೆದುಕೊಂಡು ಹೋದರು. ಸರವೂ ಹರಾಜಾಯಿತು. ಗೋಪುರ ಕಟ್ಟಹೊರಟವನು ಮೊದಲು ಕುಳಿತು ಖರ್ಚಿನ ಲೆಕ್ಕ ಹಾಕಬೇಕೆಂದು ಮಕ್ಕಳಿಗೆ ಕಲಿಸುವ ನಾವೇ ಕಾಗದ ಪೆನ್ಸಿಲು ಹಿಡಿದು ಕೂತಿರಲಿಲ್ಲ.

ಆದಕಾರಣ ಈಗ ಕೂರೋಣ. ಆ ಹುಡುಗ ದಿನಕ್ಕೆ 24 ಕಿಲೋಮೀಟರ್ ಓಡುತ್ತಾನೆ. ತಿಂಗಳಿಗೆ 25 ದಿನವೆಂದರೆ 600 ಕಿಲೋಮೀಟರ್. ಹಳೇ ಬೈಕು ಲೀಟರಿಗೆ 40 ಕೊಡುತ್ತದೆ. ತಿಂಗಳಿಗೆ 15 ಲೀಟರ್ ಬೇಕು. ಹೊಸದು 60 ಕೊಟ್ಟರೆ 10 ಲೀಟರ್ ಸಾಕು. ಉಳಿತಾಯ 5 ಲೀಟರ್. ಲೆಕ್ಕಕ್ಕೆ ಲೀಟರಿಗೆ 100 ರೂಪಾಯಿ ಹಿಡಿದರೆ ತಿಂಗಳಿಗೆ 500 ರೂಪಾಯಿ.

ಇನ್ನು ಖರ್ಚು. ಅಂಗಡಿಯವರು ಹೇಳುವ ಬೆಲೆ ಬೇರೆ, ನೋಂದಣಿ, ತೆರಿಗೆ, ವಿಮೆ ಸೇರಿ ಗಾಡಿ ರಸ್ತೆಗೆ ಇಳಿಯುವ ಬೆಲೆ ಬೇರೆ. 2018ರಿಂದ ಹೊಸ ದ್ವಿಚಕ್ರ ವಾಹನಕ್ಕೆ 5 ವರ್ಷದ ಥರ್ಡ್ ಪಾರ್ಟಿ ವಿಮೆಯನ್ನು ಒಟ್ಟಿಗೇ ಕಟ್ಟಬೇಕು. ಎಲ್ಲಾ ಸೇರಿ 1,00,000 ಎನ್ನೋಣ. ಹಳೇ ಬೈಕಿಗೆ 20,000 ಬರುತ್ತದೆ. ತಾಯಿಯ ಗ್ರಾಚ್ಯುಟಿಯಿಂದ 20,000. ಉಳಿದ 60,000 ಸಾಲ, ಮೂರು ವರ್ಷ, ನೂರಕ್ಕೆ 12ರ ಫ್ಲಾಟ್ ಬಡ್ಡಿ. ಬಡ್ಡಿಯೇ 21,600. ತಿಂಗಳ ಕಂತು 2,267 ರೂಪಾಯಿ. ಪೆಟ್ರೋಲಿನಲ್ಲಿ ಉಳಿಯುವುದು 500. ಮಿಕ್ಕ 1,767 ರೂಪಾಯಿ ಎಲ್ಲಿಂದ? ಅಕ್ಕಿ ಡಬ್ಬಿಯಿಂದಲೇ ಬರಬೇಕು. ಹಳೇ ಗಾಡಿಗೆ ಬಂದದ್ದನ್ನು ಕಳೆದು ನಾವು ಹಾಕುವ ದುಡ್ಡು 1,01,600. ಅದು ತಿಂಗಳಿಗೆ 500ರಂತೆ ಹಿಂದಿರುಗಲು ಸುಮಾರು 17 ವರ್ಷ. ಆ ಬೈಕು ಈ ಘಾಟಿಯಲ್ಲಿ 17 ವರ್ಷ ಬಾಳುತ್ತದೆಯೇ?

ಫ್ಲಾಟ್ ಬಡ್ಡಿ ಎಂಬ ಮಾತನ್ನು ಚೆನ್ನಾಗಿ ತಿಳಿಯಿರಿ. ನೀವು ಅಸಲು ತೀರಿಸುತ್ತ ಬಂದರೂ ಬಡ್ಡಿ ಮಾತ್ರ ಮೊದಲ ದಿನದ 60,000ದ ಮೇಲೆಯೇ. ಉಳಿದ ಬಾಕಿಗೆ ಮಾತ್ರ ಬಡ್ಡಿ ಹಾಕುವ ಸಾಲಕ್ಕೆ ಹೋಲಿಸಿದರೆ ಈ 12 ಎಂಬುದು ಸುಮಾರು 21ಕ್ಕೆ ಸಮ. ಆದ್ದರಿಂದ ಸಹಿ ಹಾಕುವ ಮುನ್ನ "ಒಟ್ಟು ಎಷ್ಟು ಕಟ್ಟಬೇಕು?" ಎಂದು ಕೇಳಿ, ಬರೆಸಿಕೊಳ್ಳಿ. ಸಾಲ ತೀರಿದ ಮೇಲೆ ಬಾಕಿಯಿಲ್ಲವೆಂಬ ಪತ್ರ ಪಡೆದು ಆರ್.ಸಿ. ಪುಸ್ತಕದಿಂದ ಅವರ ಹೆಸರು ತೆಗೆಸಿರಿ.

ಮೈಲೇಜಿನ ಅಂಕಿಗೂ ಮರುಳಾಗಬೇಡಿ. 600 ಕಿಲೋಮೀಟರಿಗೆ 20 ಕೊಡುವ ಹಳೇ ಜೀಪು ಬಿಟ್ಟು 30 ಕೊಡುವುದನ್ನು ತಂದರೆ ಉಳಿಯುವುದು 10 ಲೀಟರ್. 60 ಕೊಡುವುದನ್ನು ಬಿಟ್ಟು 75 ಕೊಡುವುದನ್ನು ತಂದರೆ ಉಳಿಯುವುದು 2 ಲೀಟರ್ ಮಾತ್ರ. ಅಂಕಿ ದೊಡ್ಡದು, ಉಳಿತಾಯ ಚಿಕ್ಕದು. ಲೀಟರ್ ಎಣಿಸಿರಿ. ಟ್ಯಾಂಕ್ ತುಂಬಿಸಿ, ಮೀಟರ್ ಬರೆದಿಟ್ಟು, ಮತ್ತೆ ತುಂಬಿಸುವಾಗ ಎಷ್ಟು ಹಿಡಿಯಿತೆಂದು ನೋಡಿ ಭಾಗಿಸಿದರೆ ನಿಮ್ಮ ರಸ್ತೆಯ ನಿಜವಾದ ಮೈಲೇಜು ಸಿಗುತ್ತದೆ. ಏರು ದಾರಿಯಲ್ಲಿ ಇಬ್ಬರನ್ನು ಹೊತ್ತ ಗಾಡಿ ಜಾಹೀರಾತಿನ ಮೈಲೇಜು ಕೊಡುವುದಿಲ್ಲ.

ಪೆಟ್ರೋಲ್ ಉಳಿಸಲೆಂದು ಇಳಿಜಾರಿನಲ್ಲಿ ಎಂಜಿನ್ ನಿಲ್ಲಿಸಿ ಗಾಡಿ ಬಿಡುವ ತಮ್ಮಂದಿರೇ, ದಯವಿಟ್ಟು ನಿಲ್ಲಿಸಿ. ಗೇರಿನ ಹಿಡಿತ ತಪ್ಪಿ ಭಾರವೆಲ್ಲ ಬ್ರೇಕಿನ ಮೇಲೆ ಬೀಳುತ್ತದೆ. ಬ್ರೇಕ್ ಕಾದು ಸೋತರೆ ತಿರುವಿನಲ್ಲಿ ಉಳಿಯುವುದು ಕಂದಕ.

ಕರೆಂಟಿನ ಸ್ಕೂಟರ್ ಬಗ್ಗೆಯೂ ಕೇಳುತ್ತಾರೆ. ಓಡಿಸುವ ಖರ್ಚು ಪೆಟ್ರೋಲಿಗಿಂತ ಬಹಳ ಕಡಿಮೆ, ನಿಜ. ಆದರೆ ಬ್ಯಾಟರಿ ಬದಲಿಸುವ ದಿನದ ಖರ್ಚನ್ನೂ ಸೇರಿಸಿರಿ. ಲೈನ್ ಮನೆಯ ಹಳೇ ವೈರಿಂಗ್ ರಾತ್ರಿಯೆಲ್ಲ ಚಾರ್ಜ್ ತಡೆಯುತ್ತದೆಯೇ ಎಂದು ಮೊದಲು ವಿದ್ಯುತ್ ಕೆಲಸದವರಿಂದ ನೋಡಿಸಿರಿ.

ಹಾಗಾದರೆ ಗಾಡಿಯೇ ಬೇಡವೇ? ಹಾಗಲ್ಲ. 1980ರಲ್ಲಿ ಹೊಸೂರಿನ ಕಾರ್ಖಾನೆಯಿಂದ ಇಬ್ಬರು ಕೂರುವ ಮೊಪೆಡ್ ಬಂದ ಮೇಲೆ ಎಷ್ಟೋ ಬಡವರ ಮನೆಗೆ ಕಾಲು ಬಂದಂತಾಯಿತು. ನಡುರಾತ್ರಿ ಹೆರಿಗೆ ನೋವು ಬಂದರೆ ಲೆಕ್ಕದ ಪುಸ್ತಕ ಯಾರೂ ತೆರೆಯುವುದಿಲ್ಲ. ಗಾಡಿಯೇ ಇಲ್ಲದವರು ದಿನವೂ ಕೊಡುವ ಜೀಪ್ ಬಾಡಿಗೆಯನ್ನು ಲೆಕ್ಕಕ್ಕೆ ಹಿಡಿದರೆ ಹಳೇ ಮೊಪೆಡ್ಡೂ ಲಾಭವಾಗಬಹುದು. ಆದರೆ ತಮಿಳುನಾಡು ಸರ್ಕಾರ 2021ರಲ್ಲಿ ತಂದ ಮಹಿಳೆಯರ ಉಚಿತ ಬಸ್ ಪ್ರಯಾಣ 2024ರಲ್ಲಿ ನಮ್ಮ ನೀಲಗಿರಿಯಂಥ ಮಲೆಸೀಮೆಗೂ ಬಂದಿದೆ. ಬಸ್ಸಿನಲ್ಲಿ ಹೋಗುವ ತಾಯಂದಿರು ಅದನ್ನೂ ಲೆಕ್ಕಕ್ಕೆ ತರಬೇಕು. ಗಾಡಿ ಅವಶ್ಯವಾದರೆ ಅವಶ್ಯಕ್ಕೆಂದೇ ಕೊಳ್ಳಿ. ಉಳಿತಾಯವೆಂಬ ಹೆಸರು ಮಾತ್ರ ಇಡಬೇಡಿ.

ಆ ತಾಯಿಯ ಮಗನನ್ನು ಕರೆಸಿ ಈ ಲೆಕ್ಕವನ್ನು ಅವನ ಕೈಯಿಂದಲೇ ಬರೆಸಿದೆವು. ಮೊದಲು ಸಿಟ್ಟಾದನು. 17 ವರ್ಷ ಎಂದು ಬಂದಾಗ ಎರಡು ಸಲ ಕೂಡಿ ನೋಡಿ ಸುಮ್ಮನಾದನು. ಆಮೇಲೆ ತಾಯಿ ಮೆಲ್ಲಗೆ, "ಲೈನ್ ಮನೆ ಬಿಡಬೇಕಲ್ಲಪ್ಪಾ, ಮುಂದೆ ಎಲ್ಲಿ ಮಲಗುವುದು?" ಎಂದರು. ಬೇರೆ ಮನೆ ಎಲ್ಲಿ ಸಿಗುತ್ತದೋ ತಿಳಿಯದೆ ಓಡಾಟದ ಲೆಕ್ಕವೂ ನಿಲ್ಲುವುದಿಲ್ಲವಲ್ಲ. ಹುಡುಗ ಹಳೇ ಬೈಕನ್ನು ಮೆಕ್ಯಾನಿಕ್ ಬಳಿ ಒಯ್ದನು. ಹಿಂದಿನ ಬ್ರೇಕು ಹಿಡಿದುಕೊಂಡಿತ್ತು, ಟಯರಿನಲ್ಲಿ ಗಾಳಿ ಕಡಿಮೆಯಿತ್ತು, ಏರ್ ಫಿಲ್ಟರ್ ಕಟ್ಟಿತ್ತು. ಸರಿಪಡಿಸಿದ ಮೇಲೆ 46 ಕೊಡುತ್ತಿದೆ. ತಿಂಗಳಿಗೆ ಸುಮಾರು 2 ಲೀಟರ್ ಉಳಿಯಿತು, ಕಂತಿಲ್ಲದೆ. ತಾಯಿಯ ಹಣ ಮನೆಗೆಂದು ಪೋಸ್ಟ್ ಆಫೀಸಿನಲ್ಲಿದೆ.

ಮುಂದಿನ ಕೂಟಕ್ಕೆ ಬರುವಾಗ ಗಾಡಿಯಿರುವವರು ಒಂದು ತಿಂಗಳ ಪೆಟ್ರೋಲ್ ಲೆಕ್ಕ ಬರೆದು ತನ್ನಿರಿ. ಸಾಲದ ಕಾಗದವಿರುವವರು ಅದನ್ನೂ ತನ್ನಿರಿ. ನಾವೆಲ್ಲರೂ ಕೂಡಿ ಓದೋಣ.