ಕಷ್ಟದಲ್ಲೂ ಕೈಬಿಡದ ವಿಶ್ವಾಸ



ಪ್ರತಿ ಜನವರಿಯಲ್ಲಿ ನಾವು ಅತ್ತೂರಿಗೆ ಹೋಗಿ ಸಂತ ಲಾರೆನ್ಸರ ಮುಂದೆ ಮೇಣದಬತ್ತಿ ಹಚ್ಚುತ್ತೇವೆ. ಅದರ ಹಿಂದಿನ ಕಣ್ಣೀರು ನಮಗೆ ಗೊತ್ತಾ? 1784ರಲ್ಲಿ ಟಿಪ್ಪು ಸುಲ್ತಾನ್ ಕರಾವಳಿಯ ಕ್ರೈಸ್ತರನ್ನು ಸೆರೆಹಿಡಿದು ಶ್ರೀರಂಗಪಟ್ಟಣಕ್ಕೆ ಸಾಗಿಸಿದ. ಅನೇಕರು ದಾರಿಯಲ್ಲಿ, ಸೆರೆಯಲ್ಲಿ ತೀರಿಕೊಂಡರು. 1799ರಲ್ಲಿ ಬಿಡುಗಡೆಯಾಗಿ ಬಂದವರಿಗೆ ಅತ್ತೂರಿನಲ್ಲಿ ಇಗರ್ಜಿಯೂ ಉಳಿದಿರಲಿಲ್ಲ. ದೇವರು ಕೈಬಿಟ್ಟರು ಅಂತ ಅವರು ಕೂತುಬಿಡಲಿಲ್ಲ. ಒಟ್ಟು ಸೇರಿ ಮತ್ತೆ ಕಟ್ಟಿದರು. ಅದೇ ಅತ್ತೂರು 2016ರಲ್ಲಿ ಬಸಿಲಿಕಾ ಆಯಿತು.

ವಿಶ್ವಾಸ ಅಂದರೆ ಕಷ್ಟವೇ ಬಾರದು ಅಂತಲ್ಲ. ಬೀಡಿ ಕೆಲಸ ಕಡಿಮೆಯಾಗಿ, ಸಾಲದ ಕಂತು ಕಟ್ಟಲಾಗದೆ ಒಬ್ಬಳು ಸಭೆಗೆ ಬಾರದಿದ್ದರೆ, "ದೇವರು ನೋಡಿಕೊಳ್ಳುತ್ತಾರೆ" ಎಂದು ಸುಮ್ಮನಿರುವುದು ಬೇಡ. ಅವಳ ಮನೆಗೆ ಹೋಗೋಣ, ಜೊತೆಗೆ ಕೂತು ಪ್ರಾರ್ಥಿಸೋಣ, ಕಂತಿಗೂ ದಾರಿ ಹುಡುಕೋಣ. ದೇವರ ಸಹಾಯ ಹೆಚ್ಚಾಗಿ ಪಕ್ಕದ ಮನೆಯವಳ ಕೈಯಿಂದಲೇ ಬರುತ್ತದೆ.

ದೇವರು ನಮ್ಮೆಲ್ಲರನ್ನೂ ಹರಸಲಿ.