ದುಡ್ಡು ಕಟ್ಟುವ ಮುನ್ನ ಪ್ರೂಫ್ ನೋಡಿ!

(ಕೆಲಸ ಹುಡುಕುತ್ತಿರುವ ಯುವಕ ಯುವತಿಯರ ಸಭೆಯಲ್ಲಿ ಮುದ್ರಣಾಲಯದ ಮಾಲೀಕರೊಬ್ಬರು ಆಡಿದ ಮಾತು. ಓದುಗರಿಗಾಗಿ ಇಲ್ಲಿ ಕೊಟ್ಟಿದ್ದೇವೆ.)



ನಾನು ಓದಿದ್ದು ಪಿಯುಸಿವರೆಗೆ. ಹೊಟ್ಟೆಪಾಡಿಗೆ ಒಂದು ಪ್ರಿಂಟಿಂಗ್ ಪ್ರೆಸ್ಸು. ಲಗ್ನಪತ್ರಿಕೆ, ಬಿಲ್‌ಬುಕ್ಕು, ಕರಪತ್ರ, ಸರ್ಟಿಫಿಕೇಟು, ಇವೇ ನನ್ನ ಕಸುಬು. ಇಂಥವನು ಆನ್‌ಲೈನ್ ಕೋರ್ಸುಗಳ ಬಗ್ಗೆ ಏನು ಹೇಳಿಯಾನು ಎಂದು ನಿಮಗೆ ಅನ್ನಿಸಬಹುದು. ಹೇಳುವುದಿದೆ. ದಪ್ಪ ಕಾಗದ, ಚಿನ್ನದ ಬಣ್ಣದ ಅಕ್ಷರ, ಕೆಳಗೆ ಎರಡು ಸಹಿ, ಮೂಲೆಯಲ್ಲೊಂದು ಉಬ್ಬು ಮುದ್ರೆ. ಇಷ್ಟಕ್ಕೆ ಖರ್ಚು ಎಷ್ಟಾಗುತ್ತದೆ ಎಂದು ನನಗಿಂತ ಚೆನ್ನಾಗಿ ಬಲ್ಲವರು ಯಾರು? ಸರ್ಟಿಫಿಕೇಟನ್ನು ನಾನು ಅಚ್ಚು ಹಾಕಬಲ್ಲೆ. ವಿದ್ಯೆಯನ್ನು ಅಚ್ಚು ಹಾಕುವ ಯಂತ್ರ ಇನ್ನೂ ಬಂದಿಲ್ಲ!

ನಮ್ಮ ಪ್ರೆಸ್ಸಿನಲ್ಲಿ ಡಿಟಿಪಿ ಮಾಡುವ ಹುಡುಗನಿಗೆ ಒಂದು ದಿನ ಫೋನು ಬಂತು. ಆರು ತಿಂಗಳ ಡಿಸೈನ್ ಕೋರ್ಸು, ಕೆಲಸ ಗ್ಯಾರಂಟಿ, ಇವತ್ತೇ ಸೇರಿದರೆ ಅರ್ಧ ಫೀಸು! ಹುಡುಗ ಒಪ್ಪಿದ. ಮೊಬೈಲಿಗೆ ಬಂದ ನಂಬರು ಹೇಳಿದ. ತಾನು ಒಪ್ಪಿದ್ದು ಫೀಸಿನ ಕಂತಿಗಲ್ಲ, ಸಾಲಕ್ಕೆ ಎಂದು ತಿಳಿದದ್ದು ತಿಂಗಳ ಕೊನೆಗೆ ಖಾತೆಯಿಂದ ಹಣ ಕಡಿತವಾದಾಗ. ಪಾಠ ಹಿಡಿಸಲಿಲ್ಲ, ಅವನು ಬಿಟ್ಟ. ಕಂತು ಮಾತ್ರ ಅವನನ್ನು ಬಿಡಲಿಲ್ಲ.

ಇದು ಒಬ್ಬನ ಕಥೆಯಲ್ಲ. 2021ರ ಡಿಸೆಂಬರಿನಲ್ಲಿ ಕೇಂದ್ರ ಶಿಕ್ಷಣ ಸಚಿವಾಲಯವೇ ಜನರಿಗೆ ಎಚ್ಚರಿಕೆ ಹೊರಡಿಸಿತು. ಖಾತೆಯಿಂದ ತಾನಾಗಿಯೇ ಹಣ ಕಡಿತವಾಗುವ ಏರ್ಪಾಡಿಗೆ ಒಪ್ಪಬೇಡಿ, ಗೊತ್ತಿಲ್ಲದ ಸಾಲಕ್ಕೆ ಸಹಿ ಹಾಕಬೇಡಿ, ಜಾಹೀರಾತಿನ ಯಶಸ್ಸಿನ ಕಥೆಗಳನ್ನು ಪರೀಕ್ಷಿಸದೆ ನಂಬಬೇಡಿ ಎಂದಿತು. ದೊಡ್ಡ ಹೆಸರು ನೋಡಿ ಸೇರುತ್ತೇವೆ ಎನ್ನುತ್ತೀರಾ? 2022ರಲ್ಲಿ 22 ಬಿಲಿಯನ್ ಡಾಲರ್ ಬೆಲೆ ಕಟ್ಟಿಸಿಕೊಂಡಿದ್ದ ನಮ್ಮ ಬೆಂಗಳೂರಿನ ಬೈಜೂಸ್ ಕಂಪನಿ 2024ರಲ್ಲಿ ದಿವಾಳಿ ಪ್ರಕ್ರಿಯೆಯ ಬಾಗಿಲಿಗೆ ಬಂದು ನಿಂತಿತು. ಹೆಸರು ಬೇರೆ, ಗುಣ ಬೇರೆ.

ಹಾಗಾದರೆ ಗುಣ ನೋಡುವುದು ಹೇಗೆ? ಪ್ರೆಸ್ಸಿಗೆ ಬರುವ ಗಿರಾಕಿ ಪ್ರೂಫ್ ನೋಡದೆ ಸಾವಿರ ಪ್ರತಿ ಅಚ್ಚು ಹಾಕಿಸುತ್ತಾನೆಯೇ? ಇಲ್ಲ. ಕೋರ್ಸಿಗೂ ಪ್ರೂಫ್ ಕೇಳಿ. ಹೇಗೆಂದು ಹೇಳುತ್ತೇನೆ.

ಒಂದನೆಯದು, ಕೊನೆಗೆ ನಿಮ್ಮ ಕೈಗೆ ಏನು ಬರುತ್ತದೆ ಎಂದು ಕೇಳಿ. ಪಾಠಪಟ್ಟಿಯಲ್ಲಿ ಬರೀ 'ಪರಿಚಯ', 'ಮಹತ್ವ', 'ಮೂಲತತ್ವ' ಎಂದಿದ್ದರೆ ಅನುಮಾನಪಡಿ. 'ನಾಲ್ಕು ಪುಟದ ಕರಪತ್ರವನ್ನು ಪ್ರೆಸ್ಸಿಗೆ ಕೊಡುವ ಹಾಗೆ ನೀವೇ ಸಿದ್ಧಮಾಡುತ್ತೀರಿ' ಎಂದಿದ್ದರೆ ಅದು ಮಾತು. ಪಾಠಪಟ್ಟಿಗಿಂತ ಮೊದಲು ಮನೆಗೆಲಸದ ಪಟ್ಟಿ ಕೇಳಿ. ಮನೆಗೆಲಸವೇ ಇಲ್ಲದ ಕೋರ್ಸು ಸಿನಿಮಾ ನೋಡಿದ ಹಾಗೆ.

ಎರಡನೆಯದು, ತಿದ್ದುವವರು ಯಾರು? ವಿಡಿಯೋ ತೋರಿಸುವುದು ಸುಲಭ. ನಿಮ್ಮ ತಪ್ಪನ್ನು ಬೆರಳಿಟ್ಟು ತೋರಿಸುವವರು ಬೇಕು. ಕೊನೆಗೆ ಪರೀಕ್ಷೆ ಹೇಗೆ ಎಂಬುದನ್ನೂ ನೋಡಿ. ಐಐಟಿಗಳೂ ಬೆಂಗಳೂರಿನ ಭಾರತೀಯ ವಿಜ್ಞಾನ ಸಂಸ್ಥೆಯೂ ಸೇರಿ ನಡೆಸುವ ಎನ್‌ಪಿಟೆಲ್‌ನಲ್ಲಿ ಪಾಠ ಉಚಿತ. ಸರ್ಟಿಫಿಕೇಟು ಬೇಕಾದವರು ಮಾತ್ರ ಪರೀಕ್ಷೆಯ ಶುಲ್ಕ ಕಟ್ಟುತ್ತಾರೆ. ಸಾಮಾನ್ಯವಾಗಿ ವಾರವಾರದ ಮನೆಗೆಲಸಕ್ಕೆ ನೂರಕ್ಕೆ 25 ಅಂಕ, ಮೇಲ್ವಿಚಾರಕರ ಎದುರು ಬರೆಯುವ ಪರೀಕ್ಷೆಗೆ 75. ಇದಕ್ಕೆ ಹೋಲಿಸಿ, ಹತ್ತು ಪ್ರಶ್ನೆಗೆ ಮನೆಯಲ್ಲೇ ಎಷ್ಟು ಸಲ ಬೇಕಾದರೂ ಗುಂಡಿ ಒತ್ತಿ ಪಾಸಾಗುವ ಕೋರ್ಸಿನ ಸರ್ಟಿಫಿಕೇಟಿಗೆ ಎಷ್ಟು ಬೆಲೆ ಎಂದು ನೀವೇ ಹೇಳಿ.

ಮೂರನೆಯದು, ನಡುವಿನ ಪಾಠ ನೋಡಿ. ಮೊದಲ ಪಾಠವನ್ನು ಎಲ್ಲರೂ ಸಿಂಗರಿಸಿ ಇಟ್ಟಿರುತ್ತಾರೆ. ಐದನೆಯದೋ ಎಂಟನೆಯದೋ ಪಾಠ ತೋರಿಸಿ ಎನ್ನಿ. ತೋರಿಸದಿದ್ದರೆ ಎದ್ದು ಬನ್ನಿ. ತೋರಿಸಿದರೆ ಆ ಕಸುಬಿನವರೊಬ್ಬರನ್ನು ಪಕ್ಕದಲ್ಲಿ ಕೂರಿಸಿಕೊಂಡು ನೋಡಿ. ನಮ್ಮ ಹುಡುಗನ ಕೋರ್ಸಿನ ಒಂದು ಪಾಠವನ್ನು ನಾನು ನೋಡಿದೆ. ಪರದೆಯ ಮೇಲೆ ಬಣ್ಣಗಳು ಫಳಫಳ ಹೊಳೆಯುತ್ತಿದ್ದವು. ಅವೇ ಬಣ್ಣ ನಾಲ್ಕು ಇಂಕಿನಲ್ಲಿ ಕಾಗದಕ್ಕೆ ಇಳಿದಾಗ ಮಂಕಾಗುತ್ತವೆ, ಮೊದಲೇ ಲೆಕ್ಕ ಹಾಕಿ ಹೊಂದಿಸಬೇಕು ಎಂಬ ಒಂದು ಮಾತೂ ಅಲ್ಲಿರಲಿಲ್ಲ. ಕನ್ನಡದ ಒತ್ತಕ್ಷರ ಒಡೆದುಹೋದರೆ ಏನು ಮಾಡಬೇಕು ಎಂಬುದಂತೂ ದೂರದ ಮಾತು. ಇದನ್ನು ಹಿಡಿಯಲು ನನಗೆ ಹತ್ತು ನಿಮಿಷ ಸಾಕಾಯಿತು. ಟ್ಯಾಲಿ ಕೋರ್ಸಿಗೆ ಸೇರುವವರು ಲೆಕ್ಕ ಬರೆಯುವವರನ್ನು ಕೇಳಿ. ಮೋಟಾರು ರಿಪೇರಿ ಕೋರ್ಸಿಗೆ ಗ್ಯಾರೇಜಿನ ಅಣ್ಣನನ್ನು ಕೇಳಿ.

ನಾಲ್ಕನೆಯದು, ನಿಮ್ಮನ್ನು ನೀವೇ ಪರೀಕ್ಷಿಸಿಕೊಳ್ಳಿ. ಅಮೆರಿಕದ ಹಾರ್ವರ್ಡ್ ಮತ್ತು ಎಂಐಟಿ ಸಂಸ್ಥೆಗಳ ಮುಕ್ತ ಆನ್‌ಲೈನ್ ಕೋರ್ಸುಗಳ ಲೆಕ್ಕ 2019ರಲ್ಲಿ ಪ್ರಕಟವಾಯಿತು. 2017-18ರಲ್ಲಿ ಹೆಸರು ಕೊಟ್ಟವರಲ್ಲಿ ಕೊನೆಮುಟ್ಟಿದವರು ನೂರಕ್ಕೆ ಸುಮಾರು ಮೂವರು! ಸುಮ್ಮನೆ ಇಣುಕಿ ಹೋದವರೂ ಆ ಲೆಕ್ಕದಲ್ಲಿದ್ದಾರೆ, ನಿಜ. ಆದರೂ ಅಷ್ಟು ದೊಡ್ಡ ಸಂಸ್ಥೆಗಳ ಪಾಠಕ್ಕೇ ಈ ಗತಿಯಾದರೆ ನಾವು ಸ್ವಲ್ಪ ಯೋಚಿಸಬೇಕಲ್ಲವೇ? ಮೊದಲು ಯಾವುದಾದರೂ ಉಚಿತ ಪಾಠವನ್ನು ಎರಡು ವಾರ, ದಿನಕ್ಕೆ ಒಂದು ಗಂಟೆ ಬಿಡದೆ ಕಲಿತು ನೋಡಿ. ಆಮೇಲೆ ದುಡ್ಡಿನ ಮಾತು.

ಐದನೆಯದು, ಮಾನ್ಯತೆ. ಕಸುಬು ಕಲಿಸುವ ಕೋರ್ಸು ಬೇರೆ, ಪದವಿ ಬೇರೆ. ಆನ್‌ಲೈನಿನಲ್ಲಿ ಪದವಿ ಕೊಡಲು ಯುಜಿಸಿಯ ಒಪ್ಪಿಗೆ ಇರಲೇಬೇಕು. ಯಾವ ವಿಶ್ವವಿದ್ಯಾಲಯಕ್ಕೆ, ಯಾವ ವರ್ಷಕ್ಕೆ, ಯಾವ ಪದವಿಗೆ ಒಪ್ಪಿಗೆ ಇದೆ ಎಂಬ ಪಟ್ಟಿಯನ್ನು ಯುಜಿಸಿ ಪ್ರಕಟಿಸುತ್ತದೆ. ವರ್ಷವನ್ನೂ ನೋಡಿ ಎಂದು ಯಾಕೆ ಹೇಳುತ್ತೇನೆ? ನಮ್ಮ ಮೈಸೂರಿನ ಮುಕ್ತ ವಿಶ್ವವಿದ್ಯಾಲಯಕ್ಕೆ 2012-13ರ ನಂತರ ಮಾನ್ಯತೆ ಇಲ್ಲ ಎಂದು ಯುಜಿಸಿ 2015ರಲ್ಲಿ ಸಾರಿತು. ಮಾನ್ಯತೆ ಮರಳಿದ್ದು 2018ರಲ್ಲಿ. ನಡುವೆ ಸಿಕ್ಕಿಕೊಂಡ ವಿದ್ಯಾರ್ಥಿಗಳ ಪಾಡು ಬಲ್ಲವರೇ ಬಲ್ಲರು. ಸರ್ಕಾರಿ ಸಂಸ್ಥೆಗೇ ಹೀಗಾದರೆ, ಫೋನಿನಲ್ಲಿ 'ಮಾನ್ಯತೆ ಇದೆ ಸಾರ್' ಎನ್ನುವವರ ಮಾತನ್ನು ಹೇಗೆ ನಂಬುತ್ತೀರಿ?

ಆರನೆಯದು, ಹಣ ವಾಪಸಿನ ಷರತ್ತು ಬರಹದಲ್ಲಿರಲಿ. ಎಷ್ಟು ದಿನದೊಳಗೆ ಬಿಟ್ಟರೆ ಎಷ್ಟು ಹಣ ಬರುತ್ತದೆ? ಸಾಲ ಕೊಡುವವರು ಯಾರು? ರಸೀದಿ ಎಲ್ಲಿ? ಮೋಸವಾದರೆ ಸುಮ್ಮನೆ ಕೂರಬೇಡಿ. ರಾಷ್ಟ್ರೀಯ ಗ್ರಾಹಕ ಸಹಾಯವಾಣಿ 1915ಕ್ಕೆ ಫೋನು ಮಾಡಿ.

ಇನ್ನು ಭಾಷೆಯ ಮಾತು. ಇಂಗ್ಲಿಷಿನಲ್ಲಿದೆ ಎಂದ ಮಾತ್ರಕ್ಕೆ ಕೋರ್ಸು ಮೇಲಲ್ಲ. ಕನ್ನಡದಲ್ಲಿದೆ ಎಂದ ಮಾತ್ರಕ್ಕೂ ಒಳ್ಳೆಯದಲ್ಲ! ಯಂತ್ರದಿಂದ ಅನುವಾದಿಸಿ, ತಲೆಬುಡವಿಲ್ಲದ ಕನ್ನಡವನ್ನು ನಮ್ಮ ಕಿವಿಗೆ ಸುರಿಯುವವರು ಬೇಕಾದಷ್ಟಿದ್ದಾರೆ. ಒಂದು ಪಾಠ ಕೇಳಿ, ಅದನ್ನು ನಿಮ್ಮ ಮಾತಿನಲ್ಲಿ ಮನೆಯವರಿಗೆ ಹೇಳಿ ನೋಡಿ. ಹೇಳಲು ಬಂದರೆ ಪಾಠ ಗೆದ್ದಿತು. ಐಐಟಿ ಬಾಂಬೆಯವರ 'ಸ್ಪೋಕನ್ ಟ್ಯುಟೋರಿಯಲ್' ನೋಡಿ. ಸುಮಾರು ಹತ್ತು ಹತ್ತು ನಿಮಿಷದ ಪಾಠಗಳು, ಹಲವು ಕನ್ನಡದಲ್ಲೂ ಇವೆ. ಕೇಳುತ್ತಾ ಕೇಳುತ್ತಾ ಪಕ್ಕದಲ್ಲೇ ಮಾಡಿ ಕಲಿಯುವ ಕ್ರಮ. ಪಾಠ ಹೊರಬರುವ ಮೊದಲು ಆ ವಿಷಯ ಗೊತ್ತಿಲ್ಲದವರೊಬ್ಬರಿಗೆ ಕೊಟ್ಟು, ಅರ್ಥವಾಗುತ್ತದೆಯೇ ಎಂದು ಪರೀಕ್ಷಿಸುತ್ತಾರೆ. ಅಚ್ಚಿನ ಮನೆಯ ಪ್ರೂಫ್ ಎಂದರೆ ಇದೇ ಅಲ್ಲವೇ?

ಬಂಧುಗಳೇ, ನಮ್ಮ ಹುಡುಗರಿಗೆ ಪ್ರಶ್ನೆ ಕೇಳಲು ಸಂಕೋಚ. ಆಚೆಯವನು ಇಂಗ್ಲಿಷಿನಲ್ಲಿ ಪಟಪಟನೆ ಮಾತಾಡಿದರೆ ಸಾಕು, 'ಎಸ್ ಸಾರ್, ಎಸ್ ಸಾರ್' ಎಂದುಬಿಡುತ್ತಾರೆ. ಬೇಡ! ದುಡ್ಡು ನಿಮ್ಮದು, ವಯಸ್ಸು ನಿಮ್ಮದು. ಕನ್ನಡದಲ್ಲೇ ಕೇಳಿ. ಉತ್ತರ ಬರುವವರೆಗೆ ಕೇಳಿ. 'ಇವತ್ತೇ ಕೊನೆಯ ದಿನ' ಎಂದರೆ, 'ನಾಳೆ ಬರುತ್ತೇನೆ' ಎನ್ನಿ. ಒಳ್ಳೆಯ ಪಾಠ ನಾಳೆಯೂ ಇರುತ್ತದೆ.