ಬೆಟ್ಟವನ್ನು ಓದಬಲ್ಲವರು ನಮ್ಮಲ್ಲೆಷ್ಟು ಮಂದಿ?

(ಸಕಲೇಶಪುರದಲ್ಲಿ ಹೆತ್ತವರ ಸಭೆಯೊಂದರಲ್ಲಿ ಮಾಡಿದ ಭಾಷಣ)



2024ರ ಜುಲೈ ತಿಂಗಳನ್ನು ನೀವು ಮರೆತಿರಲಾರಿರಿ. ದೊಡ್ಡತಪ್ಲು ಬಳಿ ಗುಡ್ಡ ಜರಿದು ಶಿರಾಡಿ ಘಾಟಿಯ ಹೆದ್ದಾರಿ ಮುಚ್ಚಿತು. ಅದೇ ತಿಂಗಳು ಎಡಕುಮೇರಿ ಮತ್ತು ಕಡಗರವಳ್ಳಿಯ ನಡುವೆ ಭೂಕುಸಿತವಾಗಿ ಬೆಂಗಳೂರು-ಮಂಗಳೂರು ರೈಲು ನಿಂತಿತು. ಮಂಗಳೂರಿನ ಆಸ್ಪತ್ರೆಗೆ ಹೊರಟವರು, ಮೆಣಸು ತುಂಬಿದ ಲಾರಿಯವರು ದಿಕ್ಕು ತೋಚದೆ ಕುಳಿತರು. ಎಲ್ಲರೂ ಮಳೆಯನ್ನು ಬೈದೆವು. ಆದರೆ ಮಳೆ ಈ ನಾಡಿಗೆ ಹೊಸತೇ?

ನಮ್ಮ ಬೆಟ್ಟಗಳ ಅಡಿಯಲ್ಲಿರುವುದು ಬಹು ಪ್ರಾಚೀನ ಗಟ್ಟಿ ಶಿಲೆ. ಅದರ ಮೇಲ್ಪದರ ಬಿಸಿಲು ಮಳೆಗೆ ಶಿಥಿಲಗೊಂಡು ದಪ್ಪ ಮಣ್ಣಾಗಿದೆ. ಎಡೆಬಿಡದ ಮಳೆಯಲ್ಲಿ ನೀರು ಇಂಗಿ, ಕಣಗಳ ನಡುವೆ ಒತ್ತಡ ಹೆಚ್ಚಿ, ಮಣ್ಣಿನ ಹಿಡಿತ ಸಡಿಲಗೊಳ್ಳುತ್ತದೆ. ರಸ್ತೆಗೆಂದೋ ಮನೆಗೆಂದೋ ಬುಡವನ್ನು ನೆಟ್ಟಗೆ ಕಡಿದಿದ್ದರೆ ಆಸರೆಯೇ ಇಲ್ಲ. ಮೇಲ್ಗಡೆ ಬಿರುಕು, ವಾಲಿದ ಮರ, ಬುಡದಲ್ಲಿ ಹೊಸ ಒರತೆ. ಗುಡ್ಡ ಹಲವು ಬಾರಿ ಮುನ್ಸೂಚನೆ ಕೊಡುತ್ತದೆ. ಅದನ್ನು ಓದುವ ವಿದ್ಯೆಯೇ ಭೂವಿಜ್ಞಾನ.

ಎತ್ತಿನಹೊಳೆಯನ್ನೇ ನೋಡಿ. ಸುಮಾರು 24 ಟಿಎಂಸಿ ನೀರು ಸಿಗುವುದೆಂದು ಯೋಜನೆ ಹೇಳಿತು. ಭಾರತೀಯ ವಿಜ್ಞಾನ ಸಂಸ್ಥೆಯ ಟಿ.ವಿ. ರಾಮಚಂದ್ರ ಅವರ ತಂಡ ಮಳೆ, ಕಾಡು, ಮಣ್ಣನ್ನು ಲೆಕ್ಕ ಹಾಕಿ ಸುಮಾರು 9.5 ಎಂದಿತು. 2024ರ ಸೆಪ್ಟೆಂಬರ್ 6ರಂದು ಮೊದಲ ಹಂತ ಉದ್ಘಾಟನೆಯೂ ಆಯಿತು. ಹೊಳೆ ನಮ್ಮದು, ಲೆಕ್ಕ ಮಾತ್ರ ಬೇರೆಯವರದು. ಕಸ್ತೂರಿರಂಗನ್ ವರದಿಯ ವಿಷಯದಲ್ಲೂ ಅಷ್ಟೇ. ಸಕಲೇಶಪುರ, ಆಲೂರಿನಲ್ಲಿ ಪರ ವಿರೋಧ ಭಾಷಣಗಳಿಗೆ ಬರವಿರಲಿಲ್ಲ; ನಕ್ಷೆ ಬಿಡಿಸಿ ವಿವರಿಸುವವರಿಗೆ ಬರವಿತ್ತು.

ನಾವಾದರೋ ಡಾಕ್ಟರ್, ಇಂಜಿನಿಯರ್ ಎಂಬ ಎರಡೇ ಬಾಗಿಲುಗಳನ್ನು ಬಲ್ಲೆವು. ಸೀಟು ಸಿಗದ ಮಗ ಅಂಗಡಿಗೆ, ಮಗಳು ಮನೆಗೆ. ಪಿಯುಸಿಯಲ್ಲಿ ವಿಜ್ಞಾನ ಓದಿದವರು ಮೈಸೂರಿನ ಯುವರಾಜ ಕಾಲೇಜಿನಂತಹ ಕಡೆ ಬಿಎಸ್ಸಿಯಲ್ಲಿ ಭೂವಿಜ್ಞಾನ ತೆಗೆದುಕೊಳ್ಳಬಹುದು. ಮುಂದೆ ಮಾನಸಗಂಗೋತ್ರಿ ಇದೆ. ಮಂಗಳೂರು ವಿಶ್ವವಿದ್ಯಾನಿಲಯದಲ್ಲಿ ಸಾಗರ ಭೂವಿಜ್ಞಾನವಿದೆ. ಒಂದು ಎಚ್ಚರಿಕೆ: ಪರಿಸರ ವಿಜ್ಞಾನವೂ ಭೂವಿಜ್ಞಾನವೂ ಒಂದೇ ಅಲ್ಲ. ಭಾರತೀಯ ಭೂವೈಜ್ಞಾನಿಕ ಸಮೀಕ್ಷೆಯ ಭೂವಿಜ್ಞಾನಿ ಹುದ್ದೆಗೆ ಯುಪಿಎಸ್‌ಸಿ ಪರೀಕ್ಷೆ ಬರೆಯಲು ಭೂವಿಜ್ಞಾನ ಅಥವಾ ಅದರ ಶಾಖೆಯ ಸ್ನಾತಕೋತ್ತರ ಪದವಿ ಬೇಕು. ಹೆಸರು ಚೆಂದವಿದೆಯೆಂದು ಕೋರ್ಸು ಸೇರಿ ಆಮೇಲೆ ಪರಿತಪಿಸಬೇಡಿ.

ಸಭೆಗೆ ಮುನ್ನ ಒಬ್ಬ ತಾಯಿ ಕೇಳಿದರು: "ಗುಡ್ಡ ಸುತ್ತುವ ಓದು ಹೆಣ್ಣು ಮಗಳಿಗೆ ಹೇಗೆ ಸರಿಹೋದೀತು?" ಅಮ್ಮಾ, ಇದೇ ಗುಡ್ಡದ ಇಳಿಜಾರಿನಲ್ಲಿ ಕಾಫಿ ಕೊಯ್ಯುವವರಲ್ಲಿ ಹೆಣ್ಣು ಮಕ್ಕಳೇ ಹೆಚ್ಚು, ಅದನ್ನು ಯಾರೂ ಪ್ರಶ್ನಿಸುವುದಿಲ್ಲ. ಕ್ಷೇತ್ರಾಧ್ಯಯನಕ್ಕೆ ಅಧ್ಯಾಪಕರೊಂದಿಗೆ ಇಡೀ ತರಗತಿಯೇ ಹೋಗುತ್ತದೆ. ಉಳಿದ ಕೆಲಸ ಬಹುಪಾಲು ಪ್ರಯೋಗಾಲಯದಲ್ಲಿ, ಉಪಗ್ರಹ ಚಿತ್ರಗಳ ಮುಂದೆ. ಆಕೆಯ ಮಗಳು ಪಕ್ಕದಲ್ಲೇ ನಿಂತು ಕೇಳುತ್ತಿದ್ದಳು. ಅರ್ಜಿ ಎಲ್ಲಿ ಸಿಗುತ್ತದೆ ಎಂಬುದು ಅವಳ ಪ್ರಶ್ನೆಯಾಗಿತ್ತು.